ಔತಣಕ್ಕೆ ಕರೆಯದವರು

(ಪಟ್ಟಣವೊಂದರ ಮೊಹಲ್ಲಾ ಶಿಕ್ಷಣ ಸಮಿತಿಯು ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿಯಲ್ಲಿ ಉತ್ತೀರ್ಣರಾದ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಸನ್ಮಾನ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉತ್ತೀರ್ಣರಾದವರನ್ನು ಕರೆದು ಗೌರವಿಸುವ ಈ ಸಭೆಯಲ್ಲಿ ಮಾತಾಡಲು ನಮಗೆ ಅವಕಾಶ ನೀಡಿದ್ದೀರಿ. ಶಿಕ್ಷಣದ ಮಹತ್ವದ ಕುರಿತು ನೀವು ಸಾಕಷ್ಟು ಭಾಷಣಗಳನ್ನು ಕೇಳಿದ್ದೀರಿ. ಅದನ್ನೇ ಮತ್ತೊಮ್ಮೆ ಹೇಳಿ ನಿಮ್ಮ ಸಮಯವನ್ನು ವ್ಯರ್ಥಗೊಳಿಸುವ ಉದ್ದೇಶ ನಮಗಿಲ್ಲ. 2024ರ ಅಕ್ಟೋಬರ್‌ನಲ್ಲಿ ನಾವು ಭಾಗವಹಿಸಿದ ಒಂದು ಔತಣಕೂಟದ ವಿಷಯವನ್ನು ನಿಮ್ಮ ಮುಂದಿಡುತ್ತೇವೆ. ಅದರಲ್ಲಿ ಹೆಮ್ಮೆಪಡುವ ಸಂಗತಿಗಳಿವೆ. ತಲೆ ತಗ್ಗಿಸುವ ಸಂಗತಿಯೂ ಇದೆ. ಎರಡನೆಯದನ್ನು ಹೇಳುವುದಕ್ಕಾಗಿಯೇ ನಾವು ಇಲ್ಲಿ ನಿಂತಿದ್ದೇವೆ.

1983ರಲ್ಲಿ ನಮ್ಮ ಜಿಲ್ಲೆಯಿಂದ ಇಬ್ಬರು ಹುಡುಗರು ಅಲಿಗಢ ಮುಸ್ಲಿಮ್ ವಿಶ್ವವಿದ್ಯಾನಿಲಯಕ್ಕೆ ಹೊರಟೆವು. ಜೊತೆಗೆ ಬಂದ ಆ ಮಿತ್ರರು ಈಗ ಇದೇ ಸಭೆಯ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಆದ್ದರಿಂದ ಇಲ್ಲಿ 'ನಾವು' ಎಂದು ಹೇಳುವಾಗ ಅವರನ್ನೂ ಸೇರಿಸಿಯೇ ಹೇಳುತ್ತಿದ್ದೇವೆ. ಬೆಂಗಳೂರಿನಿಂದ ದೆಹಲಿಗೆ ರೈಲು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ಸುಮಾರು 130 ಕಿಲೋಮೀಟರ್. ತಗಡಿನ ಪೆಟ್ಟಿಗೆ, ಸುತ್ತಿದ ಹಾಸಿಗೆ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿಯ ಭರಣಿ. ನಮ್ಮ ದಖ್ಖನಿ ಉರ್ದುವನ್ನು ಕೇಳಿ ಅಲ್ಲಿಯವರು ನಗುತ್ತಿದ್ದರು. ಮೂರು ವರ್ಷಗಳ ಬಳಿಕ, 1986ರಲ್ಲಿ, ಪದವಿಯೊಂದಿಗೆ ಮರಳಿದೆವು. ಆ ಬಳಿಕ ಉದ್ಯೋಗ, ಸಂಸಾರ, ಮಕ್ಕಳ ಮದುವೆ ಎಂದು 38 ವರ್ಷಗಳು ಉರುಳಿದವು. ಒಮ್ಮೆಯೂ ಆ ಕಡೆಗೆ ಹೋಗಲಾಗಲಿಲ್ಲ.

ಅಕ್ಟೋಬರ್ 17 ಸರ್ ಸೈಯದ್ ಅಹ್ಮದ್ ಖಾನರ ಜನ್ಮದಿನ. ಆ ರಾತ್ರಿ ಅಲಿಗಢದ ಎಲ್ಲ ವಿದ್ಯಾರ್ಥಿ ನಿಲಯಗಳಲ್ಲಿ ಔತಣವಿರುತ್ತದೆ. ಕಪ್ಪು ಶೇರ್ವಾನಿ ತೊಟ್ಟ ಹುಡುಗರು ಒಟ್ಟಾಗಿ ಉಣ್ಣುತ್ತಾರೆ. ಅಲ್ಲಿ ಕಲಿತವರು ಜಗತ್ತಿನ ಯಾವ ನಗರದಲ್ಲಿದ್ದರೂ ಅಂದು ಸೇರಿ ಊಟ ಮಾಡುವುದು ವಾಡಿಕೆ. ಆ ನೆಪದಲ್ಲಿ ನಮ್ಮ ಓರಗೆಯವರು ಹಿಂದಿನ ದಿನವೇ, ಅಕ್ಟೋಬರ್ 16ರ ರಾತ್ರಿ, ಸಿವಿಲ್ ಲೈನ್ಸ್‌ನ ಒಂದು ಸಭಾಂಗಣದಲ್ಲಿ ಪುನರ್ಮಿಲನದ ಔತಣವನ್ನು ಏರ್ಪಡಿಸಿದ್ದರು.

ಒಟ್ಟಿಗೆ ಉಣ್ಣುವ ಈ ಪದ್ಧತಿಯ ಹಿಂದೆ ಒಂದು ಇತಿಹಾಸವಿದೆ. ಸರ್ ಸೈಯದರು 1869ರಲ್ಲಿ ಇಂಗ್ಲೆಂಡಿಗೆ ಹೋದಾಗ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಕಂಡರು. ಅವರ ಪುತ್ರ ಸೈಯದ್ ಮಹಮೂದ್ ಅಲ್ಲಿಯೇ ಕಲಿತವರು. ಪಾಠ ಕೇಳಿ ಮನೆಗೆ ಹೋಗುವುದಷ್ಟೇ ಶಿಕ್ಷಣವಲ್ಲ. ಒಂದೇ ಸೂರಿನಡಿ ವಾಸಿಸಿ, ಒಟ್ಟಿಗೆ ಉಂಡು, ಒಟ್ಟಿಗೆ ಆಡಿ ಬೆಳೆಯುವುದೂ ಶಿಕ್ಷಣವೆಂಬ ವಿಚಾರ ತಂದೆ ಮಕ್ಕಳಿಬ್ಬರಿಗೂ ಹಿಡಿಸಿತು. 1875ರಲ್ಲಿ ಅಲಿಗಢದಲ್ಲಿ ಮದ್ರಸತುಲ್ ಉಲೂಮ್ ಆರಂಭವಾಯಿತು. 1877ರ ಜನವರಿ 8ರಂದು ಕಾಲೇಜಿಗೆ ಶಂಕುಸ್ಥಾಪನೆಯಾಯಿತು. 1920ರಲ್ಲಿ ಅದು ವಿಶ್ವವಿದ್ಯಾನಿಲಯವಾಯಿತು. ಆ ಕಾಲೇಜಿನ ಪ್ರಥಮ ಪದವೀಧರರು ಈಶ್ವರಿ ಪ್ರಸಾದ್ ಎಂಬವರು. ಅಲಿಗಢವನ್ನು ಕೇವಲ ಒಂದು ಸಮುದಾಯದ ಕೋಟೆಯೆಂದು ಬಿಂಬಿಸುವವರು ಈ ಹೆಸರನ್ನು ನೆನಪಿಡಬೇಕು.

ಕಾಲೇಜಿಗೆ ಹಣ ಹೇಗೆ ಬಂತು? ನವಾಬರು, ರಾಜರು ಕೊಟ್ಟರು, ನಿಜ. ಆದರೆ ಸಣ್ಣ ಸಣ್ಣ ಮೊತ್ತ ನೀಡಿದವರೂ ಅಸಂಖ್ಯ. ಸರ್ ಸೈಯದ್ ಹಾಲ್‌ನ ಗೋಡೆಗಳ ಮೇಲೆ, ಕೋಣೆಗಳ ಮೇಲೆ ದಾನಿಗಳ ಹೆಸರುಗಳನ್ನು ಇಂದಿಗೂ ಓದಬಹುದು. ಅವರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಇದ್ದಾರೆ. ವಯೋವೃದ್ಧ ಸರ್ ಸೈಯದರು ಬಡ ವಿದ್ಯಾರ್ಥಿಗಳಿಗಾಗಿ ರಂಗದ ಮೇಲೆ ನಿಂತು ಹಣ ಸಂಗ್ರಹಿಸಲೂ ಹಿಂಜರಿಯಲಿಲ್ಲ. 1890ರ ಸುಮಾರಿಗೆ ಸಾಹಿಬ್‌ಝಾದಾ ಅಫ್ತಾಬ್ ಅಹ್ಮದ್ ಖಾನ್ ಮತ್ತವರ ಸಂಗಡಿಗರು 'ಅಂಜುಮನ್ ಅಲ್-ಫರ್ಝ್' ಎಂಬ ಸಂಘವನ್ನು ಕಟ್ಟಿದರು. ಫರ್ಝ್ ಎಂದರೆ ಕರ್ತವ್ಯ. ವಿದ್ಯಾರ್ಥಿಗಳೇ ಚಂದಾ ಎತ್ತಿ ತಮಗಿಂತ ಬಡವರಾದ ವಿದ್ಯಾರ್ಥಿಗಳಿಗೆ ನೆರವಾಗುವುದು ಅದರ ಉದ್ದೇಶ. ಸಹಾಯ ಎಂದಾಗಲಿ ದಾನ ಎಂದಾಗಲಿ ಅವರು ಹೆಸರಿಡಲಿಲ್ಲ, ಕರ್ತವ್ಯ ಎಂದರು ಎಂಬುದನ್ನು ಗಮನಿಸಿ.

ಅದೇ ವೇಳೆ ಇನ್ನೊಂದು ಸತ್ಯವನ್ನೂ ಮರೆಮಾಚಬಾರದು. ಸರ್ ಸೈಯದರ ದೃಷ್ಟಿ ಮುಖ್ಯವಾಗಿ 'ಶರೀಫ್' ಮನೆತನಗಳ ಮೇಲಿತ್ತು. ಕುಶಲಕರ್ಮಿಗಳ ಮಕ್ಕಳು ಆ ಚಿತ್ರದಲ್ಲಿ ಅಂಚಿನಲ್ಲಿದ್ದರು. ಹೆಣ್ಣುಮಕ್ಕಳ ಆಧುನಿಕ ಶಿಕ್ಷಣವನ್ನು ಅವರು ಮುಂದಿನ ದಿನಗಳಿಗೆ ಬಿಟ್ಟರು. ಒಬ್ಬ ಮಹಾನ್ ಸುಧಾರಕನನ್ನು ಗೌರವಿಸುವುದೆಂದರೆ ಆತನ ಮಿತಿಗಳಿಗೆ ಕಣ್ಣು ಮುಚ್ಚುವುದಲ್ಲ. ನಮ್ಮ ಔತಣಕೂಟದಲ್ಲಿ ಈ ಎರಡೂ ಮಿತಿಗಳು ನಮಗೆ ಎದುರಾದವು.

ಆ ರಾತ್ರಿ

ಸುಮಾರು ಅರುವತ್ತು ಮಂದಿ ಸೇರಿದ್ದೆವು. ಕೆಲವರು ಪತ್ನಿಯರನ್ನೂ ಕರೆತಂದಿದ್ದರು. ಮೊದಲ ಅರ್ಧ ಗಂಟೆ ಪರಸ್ಪರ ಗುರುತು ಹಿಡಿಯುವುದರಲ್ಲೇ ಕಳೆಯಿತು. ದಟ್ಟ ಕೂದಲಿನ ಹುಡುಗ ಬೋಳುತಲೆಯವನಾಗಿದ್ದ. ಓಟದಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಿದ್ದವನು ಕೋಲೂರಿಕೊಂಡು ಬಂದಿದ್ದ. ಅಲಿಗಢದಲ್ಲಿ ಕೋಣೆಯ ಜೊತೆಗಾರನನ್ನು 'ಪಾರ್ಟನರ್' ಎಂದು ಕರೆಯುವ ರೂಢಿ. ಆ ಶಬ್ದ ಕಿವಿಗೆ ಬೀಳುತ್ತಲೇ ಮೂವತ್ತೆಂಟು ವರ್ಷಗಳು ಕರಗಿಹೋದವು. ನಾವು ಅತ್ತೆವು, ನಕ್ಕೆವು. ಶಂಶಾದ್ ಮಾರ್ಕೆಟ್‌ನ ಚಹಾ ಅಂಗಡಿಗಳನ್ನೂ ಪರೀಕ್ಷೆಯ ಹಿಂದಿನ ರಾತ್ರಿಗಳನ್ನೂ ನೆನೆದೆವು. ಅಗಲಿದ ಮಿತ್ರರ ಹೆಸರುಗಳನ್ನು ಓದಿ ಎಲ್ಲರೂ ದುಆ ಮಾಡಿದೆವು.

ಆಮೇಲೆ ಪರಿಚಯದ ಸರದಿ. ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಹುದ್ದೆ, ದೇಶ, ಮಕ್ಕಳ ವಿದ್ಯಾಭ್ಯಾಸವನ್ನು ಹೇಳಬೇಕಿತ್ತು. ಇಂಜಿನಿಯರುಗಳಿದ್ದರು, ವಕೀಲರಿದ್ದರು, ಪ್ರಾಧ್ಯಾಪಕರಿದ್ದರು, ಕೊಲ್ಲಿಯಲ್ಲಿ ವ್ಯಾಪಾರ ಮಾಡುವವರಿದ್ದರು. ಪ್ರತಿಯೊಂದು ಪರಿಚಯಕ್ಕೂ ಚಪ್ಪಾಳೆ. ನಾವೂ ಎದ್ದು ನಿಂತೆವು. ನಮ್ಮ ಮಕ್ಕಳ ಡಿಗ್ರಿಗಳನ್ನು ಎಣಿಸಿ ಹೇಳಿದೆವು. ಚಪ್ಪಾಳೆಯನ್ನು ಸ್ವೀಕರಿಸಿ ಕುಳಿತೆವು.

ಆಗ ಮಹಿಳೆಯರ ಮೇಜಿನಿಂದ ಓರ್ವ ಸಹೋದರಿ ಮಾತಾಡಿದರು. ನಮ್ಮ ಸಹಪಾಠಿಯೊಬ್ಬರ ಪತ್ನಿ. ನಾವು ಓದುತ್ತಿದ್ದ ಅದೇ ವರ್ಷಗಳಲ್ಲಿ ಅವರು ಅಲಿಗಢದ ಮಹಿಳಾ ಕಾಲೇಜಿನಲ್ಲಿ ಓದಿದವರು. "ನೀವು ಇಷ್ಟೊಂದು ಮಂದಿಯನ್ನು ಹುಡುಕಿ ತಂದಿರಿ, ಅಭಿನಂದನೆಗಳು. ಅದೇ ವರ್ಷ ನಿಮ್ಮೊಂದಿಗೆ ಪದವಿ ಪಡೆದ ಹುಡುಗಿಯರ ಪಟ್ಟಿ ಯಾರಲ್ಲಾದರೂ ಇದೆಯೇ? ನಾನು ಇಲ್ಲಿಗೆ ಬಂದಿರುವುದು ಪದವೀಧರೆಯಾಗಿ ಅಲ್ಲ, ನಿಮ್ಮಲ್ಲೊಬ್ಬರ ಬೇಗಮ್ ಆಗಿ" ಎಂದರು. ಮಾತಿನಲ್ಲಿ ಕೋಪವಿರಲಿಲ್ಲ. ಆದರೆ ಸಭೆ ಮೌನವಾಯಿತು.

1906ರಲ್ಲಿ ಶೇಖ್ ಅಬ್ದುಲ್ಲಾ ಮತ್ತು ಅವರ ಪತ್ನಿ ವಹೀದ್ ಜಹಾನ್ ಬೇಗಮ್ ಅಲಿಗಢದಲ್ಲಿ ಹೆಣ್ಣುಮಕ್ಕಳ ಶಾಲೆಯನ್ನು ತೆರೆದಾಗ ವಿರೋಧಿಸಿದವರು ಕಡಿಮೆಯಿರಲಿಲ್ಲ. ಆ ಶಾಲೆಯೇ ಬೆಳೆದು ಮಹಿಳಾ ಕಾಲೇಜಾಯಿತು. 1920ರಲ್ಲಿ ವಿಶ್ವವಿದ್ಯಾನಿಲಯದ ಪ್ರಥಮ ಕುಲಾಧಿಪತಿಯಾದವರು ಭೋಪಾಲದ ಬೇಗಮ್ ಸುಲ್ತಾನ್ ಜಹಾನ್. ಆದರೆ ಉಪಕುಲಪತಿಯ ಸ್ಥಾನಕ್ಕೆ ಓರ್ವ ಮಹಿಳೆ ಬರಲು ಶತಮಾನವೇ ಕಳೆಯಬೇಕಾಯಿತು. 2024ರ ಎಪ್ರಿಲ್‌ನಲ್ಲಿ ನೇಮಕಗೊಂಡ ನಯೀಮಾ ಖಾತೂನ್ ಅದೇ ಮಹಿಳಾ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಇಷ್ಟೆಲ್ಲ ಇದ್ದೂ ನಮ್ಮ ಕೈಯಲ್ಲಿ ನಮ್ಮದೇ ವರ್ಷದ ಹುಡುಗಿಯರ ಒಂದು ಹೆಸರೂ ಇರಲಿಲ್ಲ. ಮದುವೆಯಾಗಿ ಊರು ಬದಲಾಯಿತು, ಹೆಸರಿನ ಕೊನೆ ಬದಲಾಯಿತು. ಅವರನ್ನು ಹುಡುಕಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆ ಮೌನದಲ್ಲೇ ನಮಗೆ ಇನ್ನೊಂದು ಹೆಸರು ನೆನಪಾಯಿತು. ಪಕ್ಕದಲ್ಲಿದ್ದ ಸಂಘಟಕರೊಡನೆ, "ನಮ್ಮ ತಾಲೇವಾಲಾ ಬಂದಿಲ್ಲವೇ?" ಎಂದು ವಿಚಾರಿಸಿದೆವು. ಅವರು ನೆನಪಿಸಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡು, "ಅವನು ಮುಗಿಸಲಿಲ್ಲವಲ್ಲ ಭಾಯ್. ನಾವು ಪದವಿ ಪಡೆದವರ ಪಟ್ಟಿಯಿಂದ ಹೆಸರುಗಳನ್ನು ತೆಗೆದೆವು" ಎಂದರು.

ಮುನ್ನೂರು ರೂಪಾಯಿ

ಅಲಿಗಢವೆಂದರೆ ಬೀಗಗಳ ಊರು. ತಾಲಾ ಎಂದರೆ ಬೀಗ. ರೈಲುಹಳಿಯ ಒಂದು ಬದಿಯಲ್ಲಿ ವಿಶ್ವವಿದ್ಯಾನಿಲಯ, ಸಿವಿಲ್ ಲೈನ್ಸ್, ವಿಶಾಲವಾದ ರಸ್ತೆಗಳು. ಇನ್ನೊಂದು ಬದಿಯಲ್ಲಿ ಊಪರ್‌ಕೋಟ್‌ನ ದಿಬ್ಬ, ಹಳೆಯ ಜಾಮಿಯಾ ಮಸೀದಿ, ಇಕ್ಕಟ್ಟಾದ ಗಲ್ಲಿಗಳು. ಆ ಗಲ್ಲಿಗಳ ಮನೆಮನೆಗಳಲ್ಲಿ ಬೀಗದ ಕೆಲಸ. ಒಬ್ಬರು ಎರಕ ಹೊಯ್ದರೆ ಇನ್ನೊಬ್ಬರು ಉಜ್ಜಿ ಹೊಳಪು ಕೊಡುತ್ತಾರೆ, ಮತ್ತೊಬ್ಬರು ಬಿಡಿಭಾಗಗಳನ್ನು ಜೋಡಿಸುತ್ತಾರೆ. ಕೂಲಿ ಎಣಿಕೆಯ ಲೆಕ್ಕದಲ್ಲಿ. ನಮ್ಮ ಗೆಳೆಯ ಅಂತಹ ಒಂದು ಮನೆಯ ಹುಡುಗ. ಹಾಸ್ಟೆಲ್‌ನಲ್ಲಿರದೆ ಸೈಕಲ್ ತುಳಿದುಕೊಂಡು ತರಗತಿಗೆ ಬರುತ್ತಿದ್ದ.

ಬಕ್ರೀದ್‌ಗೆ ಊರಿಗೆ ಹೋಗಿಬರುವಷ್ಟು ರಜೆಯೂ ನಮಗಿರಲಿಲ್ಲ, ಹಣವೂ ಇರಲಿಲ್ಲ. ಎರಡು ವರ್ಷ ಆತ ನಮ್ಮಿಬ್ಬರನ್ನೂ ತನ್ನ ಮನೆಗೆ ಕರೆದೊಯ್ದ. ಆತನ ತಾಯಿ ಪರದೆಯ ಆಚೆಯಿಂದ, "ದೂರದ ಮಕ್ಕಳು, ಇನ್ನೊಂದಿಷ್ಟು ಬಡಿಸು" ಎನ್ನುತ್ತಿದ್ದರು. ಒಮ್ಮೆ ಹಾಸ್ಟೆಲ್‌ನ ಬಾಕಿ ಮತ್ತು ಪರೀಕ್ಷಾ ಶುಲ್ಕ ಕಟ್ಟಬೇಕಾದ ದಿನ ಬಂದರೂ ನಮ್ಮ ಮನೆಗಳಿಂದ ಮನಿಯಾರ್ಡರ್ ಬರಲಿಲ್ಲ. ಆತ ಮರುದಿನ ಮುನ್ನೂರು ರೂಪಾಯಿ ತಂದುಕೊಟ್ಟ. ಅದು ಆತನ ತಂದೆಯ ಕೂಲಿಯ ಹಣವೆಂದು ನಮಗೆ ಗೊತ್ತಿತ್ತು. ಮನಿಯಾರ್ಡರ್ ಬಂದಾಗ ಅದರಲ್ಲಿ ತಿಂಗಳ ಖರ್ಚು ಕಳೆಯಿತು. ಮುಂದಿನ ತಿಂಗಳು ಕೊಡೋಣ ಎಂದುಕೊಂಡೆವು. ಅಂತಿಮ ವರ್ಷದಲ್ಲಿ ಆತ ತರಗತಿಗೆ ಬರುವುದನ್ನು ನಿಲ್ಲಿಸಿದ. ಪರೀಕ್ಷೆ ಮುಗಿಸಿ ನಾವು ಊರಿಗೆ ಮರಳಿದೆವು.

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತವು ಸಾಲವನ್ನು ಬರೆದಿಡುವುದಕ್ಕೆ ಸಂಬಂಧಿಸಿದ್ದು ಎಂಬುದನ್ನು ನಾವು ಎಷ್ಟೋ ಸಭೆಗಳಲ್ಲಿ ಹೇಳಿದ್ದೇವೆ. ಈ ಸಾಲವನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ.

ಮರುದಿನ, ಅಕ್ಟೋಬರ್ 17ರಂದು, ಬೆಳಿಗ್ಗೆ ವಿಶ್ವವಿದ್ಯಾನಿಲಯದ ಜಾಮಿಯಾ ಮಸೀದಿಯ ಬಳಿ ಸರ್ ಸೈಯದರ ಕಬ್ರ್‌ನ ಮುಂದೆ ನಿಂತು ದುಆ ಮಾಡಿದೆವು. ಅಲ್ಲಿಂದ ರಿಕ್ಷಾ ಹಿಡಿದು ರೈಲುಹಳಿ ದಾಟಿ ಊಪರ್‌ಕೋಟ್‌ಗೆ ಹೋದೆವು. ಮನೆ ಹುಡುಕಲು ಹೆಚ್ಚು ಕಷ್ಟವಾಗಲಿಲ್ಲ. ಅವರು ಎಲ್ಲಿಗೂ ಹೋಗಿರಲಿಲ್ಲ. ಅದೇ ಗಲ್ಲಿ, ಅದೇ ಬಾಗಿಲು, ಒಳಗೆ ಅದೇ ಉಜ್ಜುವ ಸದ್ದು. ಆತ ನಮ್ಮನ್ನು ಕಂಡೊಡನೆ ಗುರುತು ಹಿಡಿದ. ಕೈಯ ಮಸಿ ಒರೆಸಿಕೊಂಡು ಅಪ್ಪಿಕೊಂಡ. ಚಹಾ ತರಿಸಿದ.

ನಾವು ಹತ್ತು ಸಾವಿರ ರೂಪಾಯಿಯ ಲಕೋಟೆಯನ್ನು ಆತನ ಮುಂದಿಟ್ಟು ಕ್ಷಮೆ ಕೇಳಿದೆವು. ಬೇಡವೆನ್ನಬಹುದೆಂದು ಭಾವಿಸಿದ್ದೆವು, ಸತ್ಯ ಹೇಳಬೇಕೆಂದರೆ, ಹಾಗೆ ಹೇಳಲಿ ಎಂದು ಒಳಗೊಳಗೇ ಬಯಸಿದ್ದೆವು. ಆತ ಲಕೋಟೆ ತೆರೆದು ಮುನ್ನೂರು ರೂಪಾಯಿಯನ್ನು ಎಣಿಸಿ ತೆಗೆದುಕೊಂಡ. ಉಳಿದದ್ದನ್ನು ಮರಳಿಸಿದ. "ಸಾಲ ಮುಟ್ಟಿತು. ಅಬ್ಬಾ ಕೊನೆಯವರೆಗೂ ಕೇಳುತ್ತಿದ್ದರು, ಕೊಡುತ್ತಾರೆ ಎಂದು ಹೇಳುತ್ತಿದ್ದೆ. ಇದು ನನ್ನದಲ್ಲ" ಎಂದ. ಬಳಿಕ ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಮಾತು ಕೇಳಿದ.

"ಪಾರ್ಟನರ್, ಬಕ್ರೀದ್‌ಗೆ ನಿಮಗೆ ಈ ಗಲ್ಲಿಯ ದಾರಿ ಗೊತ್ತಿತ್ತು. ಅಬ್ಬಾರ ಕಣ್ಣು ಹೋಗಿ ನಾನು ತರಗತಿಗೆ ಬರುವುದು ನಿಂತಾಗ ಯಾಕೆ ಬರಲಿಲ್ಲ? ಬಂದು ಕೇಳಿದ್ದರೆ ನಾನು ಮುಂದುವರಿಸುತ್ತಿದ್ದೆನೋ ಇಲ್ಲವೋ, ಅಲ್ಲಾಹನೇ ಬಲ್ಲ. ಆದರೆ ಯಾರೂ ಕೇಳಲಿಲ್ಲ."

ಮಾನ್ಯರೇ, ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಮುನ್ನೂರು ರೂಪಾಯಿಯ ಸಾಲವನ್ನು ತೀರಿಸಬಹುದು. ಕೇಳದೆ ಉಳಿದ ಆ ಒಂದು ಮಾತಿನ ಸಾಲವನ್ನು ತೀರಿಸುವುದು ಹೇಗೆ?

ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟುಬಿಡುವ ವಲೀಮಾದ ಊಟವನ್ನು ಅತ್ಯಂತ ಕೆಟ್ಟ ಊಟವೆಂದು ಹದೀಸ್ ಎಚ್ಚರಿಸುತ್ತದೆ. ಅದು ಮದುವೆಗೆ ಮಾತ್ರ ಅನ್ವಯಿಸುವ ಮಾತೆಂದು ನಾವು ಭಾವಿಸಿದ್ದೆವು. ಉತ್ತೀರ್ಣರಾದವರನ್ನಷ್ಟೇ ಕರೆಯುವ ನಮ್ಮ ಔತಣಗಳಿಗೂ, ಸನ್ಮಾನ ಸಭೆಗಳಿಗೂ ಅದು ಅನ್ವಯಿಸುವುದಿಲ್ಲವೇ?

ಬಾಗಿಲು ತಟ್ಟುವವರು ಯಾರು?

ಇದು ಕೇವಲ ಒಬ್ಬ ಗೆಳೆಯನ ಕಥೆಯಾಗಿದ್ದರೆ ಇಲ್ಲಿ ಹೇಳುವ ಅಗತ್ಯವಿರಲಿಲ್ಲ. 2006ರ ಸಾಚಾರ್ ಸಮಿತಿಯ ವರದಿಯನ್ನು ನೋಡಿ. 2001ರ ಜನಗಣತಿಯಂತೆ ದೇಶದಲ್ಲಿ 20 ವರ್ಷ ಮೀರಿದವರ ಪೈಕಿ ಶೇ. 7ರಷ್ಟು ಮಂದಿ ಪದವಿ ಅಥವಾ ಡಿಪ್ಲೊಮಾ ಪಡೆದಿದ್ದರೆ, ಮುಸ್ಲಿಮರಲ್ಲಿ ಆ ಪ್ರಮಾಣ ಶೇ. 4ಕ್ಕಿಂತಲೂ ಕಡಿಮೆ. ಕೇಂದ್ರ ಸರಕಾರದ್ದೇ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ಸುಮಾರು 21 ಲಕ್ಷವಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2020-21ರಲ್ಲಿ 19.21 ಲಕ್ಷಕ್ಕೆ ಇಳಿಯಿತು. ಕೊರೋನಾದ ಆ ವರ್ಷದಲ್ಲಿ ಕಾಲೇಜಿನಿಂದ ಕಾಣೆಯಾದ ಈ ಮಕ್ಕಳ ಮನೆಗಳ ಬಾಗಿಲನ್ನು ಯಾರು ತಟ್ಟಿದರು?

ಸರಕಾರ ತಟ್ಟಲಿಲ್ಲ. ಬದಲಾಗಿ 2022ರಲ್ಲಿ ಅಲ್ಪಸಂಖ್ಯಾತರ ಮೆಟ್ರಿಕ್‌ಪೂರ್ವ ವಿದ್ಯಾರ್ಥಿವೇತನವನ್ನು 1ರಿಂದ 8ನೇ ತರಗತಿಯವರೆಗೆ ನಿಲ್ಲಿಸಿತು. ಅದೇ ವರ್ಷ ಸಂಶೋಧನಾ ವಿದ್ಯಾರ್ಥಿಗಳ ಮೌಲಾನಾ ಆಝಾದ್ ಫೆಲೋಶಿಪನ್ನೂ ಕೈಬಿಟ್ಟಿತು. ಇದನ್ನು ಪ್ರಶ್ನಿಸುವುದು ನಮ್ಮ ಹಕ್ಕು, ಪ್ರಶ್ನಿಸುತ್ತಲೇ ಇರಬೇಕು. ತೆರಿಗೆ ಕಟ್ಟುವ ಪ್ರಜೆಗೆ ಶಿಕ್ಷಣ ಒದಗಿಸುವುದು ಪ್ರಭುತ್ವದ ಔದಾರ್ಯವಲ್ಲ, ಬಾಧ್ಯತೆ. ಸಮುದಾಯ ನೆರವು ನೀಡುತ್ತದೆಯೆಂಬ ಕಾರಣಕ್ಕೆ ಸರಕಾರ ಆ ಬಾಧ್ಯತೆಯಿಂದ ಮುಕ್ತವಾಗುವುದಿಲ್ಲ.

ನಾವು ಅಲಿಗಢದಿಂದ ಮರಳಿದ ಮೂರು ವಾರಗಳಲ್ಲಿ, 2024ರ ನವೆಂಬರ್ 8ರಂದು, ಸುಪ್ರೀಮ್ ಕೋರ್ಟ್‌ನ ಏಳು ನ್ಯಾಯಮೂರ್ತಿಗಳ ಪೀಠವು 4-3ರ ಬಹುಮತದಿಂದ 1967ರ ಅಝೀಝ್ ಬಾಷಾ ತೀರ್ಪನ್ನು ತಳ್ಳಿಹಾಕಿತು. ಸಂಸತ್ತಿನ ಕಾಯ್ದೆಯ ಮೂಲಕ ರೂಪುಗೊಂಡಿತೆಂಬ ಮಾತ್ರಕ್ಕೆ ಒಂದು ಸಂಸ್ಥೆ ಅಲ್ಪಸಂಖ್ಯಾತ ಸಂಸ್ಥೆಯಾಗದೆ ಹೋಗುವುದಿಲ್ಲ ಎಂದಿತು. ಅಲಿಗಢದ ಸ್ಥಾನಮಾನದ ನಿರ್ಣಯವನ್ನು ಬೇರೊಂದು ಪೀಠಕ್ಕೆ ಬಿಟ್ಟಿತು. ಸಂಸ್ಥೆಯನ್ನು ಸ್ಥಾಪಿಸಿದವರು ಯಾರು ಎಂಬುದು ಅಲ್ಲಿಯ ಮುಖ್ಯ ಪ್ರಶ್ನೆ. ನ್ಯಾಯಾಲಯದಲ್ಲಿ ಆ ಹಕ್ಕಿಗಾಗಿ ವಾದಿಸಬೇಕು. ಅದರೊಂದಿಗೆ, ರೈಲುಹಳಿಯ ಆಚೆಯ ಹುಡುಗನಿಗೆ ಆ ಹಕ್ಕಿನಿಂದ ಏನು ದೊರೆಯಿತೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಅದಕ್ಕೆ ಯಾವ ನ್ಯಾಯಾಲಯವೂ ಉತ್ತರಿಸಲಾರದು.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ಮರಳಿಸಲ್ಪಟ್ಟ ಆ ಲಕೋಟೆಯನ್ನು ನಾವು ಊರಿಗೆ ತಂದೆವು. ಮಸೀದಿಯ ಕಮಿಟಿಯವರೊಡನೆ ಕುಳಿತು ಒಂದು ನೋಟ್ ಪುಸ್ತಕ ಮಾಡಿದೆವು. ಎಸ್ಸೆಸ್ಸೆಲ್ಸಿ ಮತ್ತು ಪದವಿಯ ನಡುವೆ ಓದು ನಿಲ್ಲಿಸಿದವರ ಹೆಸರುಗಳನ್ನು ಅದರಲ್ಲಿ ಬರೆದೆವು. ಹುಡುಗಿಯರ ಹೆಸರುಗಳಿಗಾಗಿ ನಮ್ಮ ಮನೆಯ ಮಹಿಳೆಯರೇ ಮನೆಮನೆಗೆ ಹೋದರು. ಎಲ್ಲ ಕಡೆಯೂ ಹಣವೇ ಕಾರಣವೆಂದು ನಾವು ಭಾವಿಸಿದ್ದೆವು. ಹಾಗಿರಲಿಲ್ಲ. ಒಬ್ಬ ಹುಡುಗ ಒಂದೇ ವಿಷಯದಲ್ಲಿ ಅನುತ್ತೀರ್ಣನಾಗಿ ನಾಚಿಕೆಯಿಂದ ಅಂಗಡಿಗೆ ಸೇರಿದ್ದ. ಇನ್ನೊಬ್ಬ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿ ಕೊಲ್ಲಿಯ ವೀಸಾಕ್ಕಾಗಿ ಕಾಯುತ್ತಿದ್ದ. ಒಬ್ಬಾಕೆಗೆ ಕಾಲೇಜಿನ ಹೊತ್ತಿಗೆ ಸರಿಯಾಗಿ ಬಸ್ಸಿರಲಿಲ್ಲ. ಇನ್ನೊಬ್ಬಾಕೆಗೆ ನಿಶ್ಚಿತಾರ್ಥವಾಗಿತ್ತು, ಮುಂದೆ ಓದಿಸಬೇಕೇ ಎಂದು ವರನ ಮನೆಯವರನ್ನು ಯಾರೂ ಕೇಳಿಯೇ ಇರಲಿಲ್ಲ. ಕೇಳಿದಾಗ ಅವರು ಒಪ್ಪಿದರು.

ಕೆಲವರು ಮತ್ತೆ ಓದತೊಡಗಿದ್ದಾರೆ. ಹೆಚ್ಚಿನವರು ಮರಳಿಲ್ಲ. ನಮ್ಮ ಪ್ರಯತ್ನವನ್ನು ದೊಡ್ಡ ಸಾಧನೆಯೆಂದು ಬಿಂಬಿಸುವ ಅರ್ಹತೆ ನಮಗಿಲ್ಲ. ಆದರೆ ದಾರಿಗಳಿವೆ ಎಂಬುದು ಎಷ್ಟೋ ಮನೆಗಳಿಗೆ ತಿಳಿದೇ ಇರಲಿಲ್ಲ. ಶಾಲೆ ಬಿಟ್ಟವರಿಗೆ ರಾಷ್ಟ್ರೀಯ ಮುಕ್ತ ಶಾಲೆಯ ವ್ಯವಸ್ಥೆಯಿದೆ. ಮೈಸೂರಿನಲ್ಲಿ 1996ರಿಂದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ. ಉರ್ದು ಮಾಧ್ಯಮದವರಿಗೆ 1998ರಲ್ಲಿ ಹೈದರಾಬಾದಿನಲ್ಲಿ ಸ್ಥಾಪನೆಯಾದ ಮೌಲಾನಾ ಆಝಾದ್ ವಿಶ್ವವಿದ್ಯಾನಿಲಯವಿದೆ. ದಾರಿ ಗೊತ್ತಿರುವವರು ಬಾಗಿಲು ತಟ್ಟಬೇಕು, ಅಷ್ಟೇ.

ಆದ್ದರಿಂದ ಈ ಸಮಿತಿಯವರಲ್ಲಿ ನಮ್ಮ ವಿನಂತಿ ಇಷ್ಟು. ಮುಂದಿನ ವರ್ಷ ಸನ್ಮಾನದ ಪಟ್ಟಿಯೊಂದಿಗೆ ಇನ್ನೊಂದು ಪಟ್ಟಿಯನ್ನೂ ಸಿದ್ಧಪಡಿಸಿ. ಕಳೆದ ವರ್ಷ ತರಗತಿಯಲ್ಲಿದ್ದು ಈ ವರ್ಷ ಇಲ್ಲದವರ ಪಟ್ಟಿ. ಅದನ್ನು ವೇದಿಕೆಯಲ್ಲಿ ಓದಿ ಯಾರನ್ನೂ ಅವಮಾನಿಸಬೇಡಿ. ಕಿಸೆಯಲ್ಲಿಟ್ಟುಕೊಂಡು ಅವರ ಮನೆಗಳಿಗೆ ಹೋಗಿ. ನೆರವು ಕೊಡುವುದಿದ್ದರೆ ಶುಲ್ಕ ಕಟ್ಟುವ ದಿನಕ್ಕೆ ಮೊದಲೇ ಕೊಡಿ; ಫಲಿತಾಂಶ ಬಂದ ಮೇಲೆ ಕೊಡುವ ಶಾಲು, ಸ್ಮರಣಿಕೆಗಳಿಂದ ಯಾರ ಶುಲ್ಕವೂ ಕಟ್ಟಲಾಗದು.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಕೈಯಲ್ಲಿರುವ ಪ್ರಶಸ್ತಿಗೆ ನೀವು ಅರ್ಹರು. ಸಂತೋಷಪಡಿ. ಅಲ್ಲಾಹನು ನಿಮ್ಮನ್ನು ಇನ್ನಷ್ಟು ಎತ್ತರಕ್ಕೇರಿಸಲಿ. ಆದರೆ ಮನೆಗೆ ಮರಳುವ ಮೊದಲು ಒಂದು ಕ್ಷಣ ಯೋಚಿಸಿ. ಹತ್ತನೇ ತರಗತಿಯಲ್ಲಿ ನಿಮ್ಮ ಬೆಂಚಿನಲ್ಲಿ ಕುಳಿತಿದ್ದವರು ಯಾರು? ತಿಂಡಿ ಹಂಚಿಕೊಂಡವರು, ನೋಟ್ಸ್ ಕೊಟ್ಟವರು ಯಾರು? ಅವರೆಲ್ಲರೂ ಈ ಸಭೆಯಲ್ಲಿದ್ದಾರೆಯೇ? ಇಲ್ಲವಾದರೆ, ಅವರ ಮನೆಯ ದಾರಿ ನಿಮಗೆ ಗೊತ್ತಿದೆ. ನಾಳೆಯೇ ಹೋಗಿ. ನಾವು ಆ ದಾರಿಯನ್ನು ಮತ್ತೆ ಹಿಡಿಯಲು 38 ವರ್ಷ ತೆಗೆದುಕೊಂಡೆವು.

ಅಲ್ಲಾಹನು ನಮ್ಮ ಲೋಪಗಳನ್ನು ಕ್ಷಮಿಸಲಿ, ನಮ್ಮ ಹೊಣೆಗಾರಿಕೆಯನ್ನು ಅರಿಯುವ ತೌಫೀಕನ್ನು ನೀಡಲಿ. ವಸ್ಸಲಾಮು ಅಲೈಕುಮ್ ವ ರಹ್ಮತುಲ್ಲಾಹ್.